ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಮಗುವೇ?

ಕೆಲವು ತಿಂಗಳ ಹಿಂದೆ ಕರಾವಳಿಯ ಪಟ್ಟಣವೊಂದರಲ್ಲಿ ಅಕೀಕಾದ ಔತಣಕ್ಕೆ ನಾವು ಹೋಗಿದ್ದೆವು. ಮಗುವಿನ ತಂದೆ ಗಲ್ಫ್‌ನಿಂದ ರಜೆಯಲ್ಲಿ ಬರುವವರೆಗೆ ಕಾದಿದ್ದರಿಂದ ಅಕೀಕಾ ತಡವಾಗಿತ್ತು. ಮಗುವಿಗೆ ಆರು ತಿಂಗಳು ತುಂಬಿತ್ತು. ತಾಯಿ ಖಾಸಗಿ ಶಾಲೆಯೊಂದರ ಅಧ್ಯಾಪಿಕೆ. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ್ದರು. ಅಂಗಳದಲ್ಲಿ ಶಾಮಿಯಾನ, ಅದರಡಿಯಲ್ಲಿ ಮುನ್ನೂರು ಮಂದಿ, ಬಿರಿಯಾನಿಯ ಪರಿಮಳ. ಒಳಕೋಣೆಯ ಬಾಗಿಲಲ್ಲಿ ಹನ್ನೊಂದೋ ಹನ್ನೆರಡೋ ವರ್ಷದ ಹುಡುಗಿಯೊಬ್ಬಳು ಆ ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ನಿಂತಿದ್ದಳು. ಭಾರಕ್ಕೆ ಅವಳ ಮೈ ಒಂದು ಬದಿಗೆ ವಾಲಿತ್ತು. ಆಗಾಗ ಮಗುವನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬದಲಾಯಿಸುತ್ತಿದ್ದಳು.

‘ಎಷ್ಟನೇ ತರಗತಿ ಮಗಳೇ?’ ಎಂದು ಕೇಳಿದೆವು. ‘ಐದನೆಯದು ಮುಗಿಸಿದ್ದೆ’ ಎಂದಳು. ‘ಓದುತ್ತಿದ್ದೇನೆ’ ಎನ್ನಲಿಲ್ಲ. ನಮ್ಮ ಪ್ರಶ್ನೆ ಕಿವಿಗೆ ಬಿದ್ದ ಮನೆಯ ಯಜಮಾನರು ಹತ್ತಿರ ಬಂದರು. ‘ಪಾಪದ ಹುಡುಗಿ ಉಸ್ತಾದ್. ತಂದೆಯಿಲ್ಲ. ಇಲ್ಲಿ ಮಗುವನ್ನು ನೋಡಿಕೊಂಡು ಇದ್ದಾಳೆ. ಊಟ, ಬಟ್ಟೆ ಎಲ್ಲ ನಮ್ಮದೇ. ಮುಂದೆ ಅವಳ ನಿಕಾಹ್‌ನ ಖರ್ಚನ್ನೂ ನಾವೇ ನೋಡಿಕೊಳ್ಳುತ್ತೇವೆ. ಇದೂ ಒಂದು ಸವಾಬಿನ ಕೆಲಸವಲ್ಲವೇ?’ ಎಂದರು. ನಾವು ತಲೆಯಾಡಿಸಿದೆವು. ಊಟ ಮಾಡಿದೆವು. ಮಗುವಿನ ಆಯುರಾರೋಗ್ಯಕ್ಕಾಗಿ ದುಆ ಮಾಡಿ ಹೊರಬಂದೆವು. ಆ ಹುಡುಗಿಗಾಗಿ ದುಆ ಮಾಡಬೇಕೆಂಬುದು ನಮಗೂ ಹೊಳೆಯಲಿಲ್ಲ, ಅಲ್ಲಿದ್ದ ಇತರರಿಗೂ ಹೊಳೆಯಲಿಲ್ಲ.

ಈ ಲೇಖನ ಆ ಮೌನದ ಬಗ್ಗೆ. ನಮ್ಮದೂ ಸೇರಿದ ಮೌನವಾದ್ದರಿಂದ ಇದನ್ನು ಬೇರೆಯವರ ಮೇಲಿನ ಆರೋಪವೆಂದು ಓದುಗರು ಭಾವಿಸಬೇಕಿಲ್ಲ.

‘ಕೂಸು ಹುಟ್ಟುವ ಮುನ್ನ ಕುಲಾವಿ’ ಎಂಬ ಗಾದೆ ನಮ್ಮ ಪಟ್ಟಣಗಳ ಅನುಕೂಲಸ್ಥ ಮನೆಗಳಿಗೆ ಚೆನ್ನಾಗಿ ಒಪ್ಪುತ್ತದೆ. ಹೆರಿಗೆ ಯಾವ ಆಸ್ಪತ್ರೆಯಲ್ಲಿ ಎಂಬುದಕ್ಕೆ ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ತೊಟ್ಟಿಲು, ಸೊಳ್ಳೆಪರದೆ, ದುಬೈಯಿಂದ ಬರುವ ಉಡುಪು, ಎಲ್‌ಕೆಜಿಗೆ ಯಾವ ಶಾಲೆ ಎಂಬ ಯೋಚನೆ ಎಲ್ಲವೂ ಮೊದಲೇ ಸಿದ್ಧ. ಆದರೆ ತಾಯಿ ಕೆಲಸಕ್ಕೆ ಮರಳಿದ ಮೇಲೆ ದಿನದ ಎಂಟು ಗಂಟೆ ಆ ಮಗು ಯಾರ ಕೈಯಲ್ಲಿ ಇರಬೇಕು ಎಂಬ ಪ್ರಶ್ನೆಯನ್ನು ನಾವು ಕೊನೆಯ ವಾರಕ್ಕೆ ದೂಡುತ್ತೇವೆ. ಆಗ ಯಾರೋ ಪರಿಚಿತರು ಫೋನು ಮಾಡುತ್ತಾರೆ. ‘ಒಬ್ಬಳು ಹುಡುಗಿ ಇದ್ದಾಳೆ. ಹೇಳಿದ ಮಾತು ಕೇಳುತ್ತಾಳೆ. ಜಾಸ್ತಿಯೇನೂ ಕೊಡಬೇಕಿಲ್ಲ.’ ಅಲ್ಲಿಗೆ ಸಮಸ್ಯೆ ಮುಗಿಯಿತೆಂದು ಮನೆಮಂದಿ ನಿಟ್ಟುಸಿರು ಬಿಡುತ್ತಾರೆ.

ಇಲ್ಲಿ ಆಯ್ಕೆಯ ಮಾನದಂಡ ಏನೆಂಬುದನ್ನು ಗಮನಿಸಬೇಕು. ಹೇಳಿದ ಮಾತು ಕೇಳುತ್ತಾಳೆ, ಜಾಸ್ತಿ ಕೊಡಬೇಕಿಲ್ಲ. ನಮ್ಮ ಕಾರಿಗೆ ಚಾಲಕನನ್ನು ಹುಡುಕುವಾಗ ನಾವು ಹೀಗೆ ಮಾಡುತ್ತೇವೆಯೇ? ಲೈಸೆನ್ಸ್ ಇದೆಯೇ, ಎಷ್ಟು ವರ್ಷದ ಅನುಭವ, ಹಿಂದೆ ಎಲ್ಲಿ ದುಡಿದಿದ್ದ ಎಂದು ವಿಚಾರಿಸುವುದಿಲ್ಲವೇ? ಹನ್ನೆರಡು ವರ್ಷದ ಬಾಲಕನ ಕೈಗೆ ಕಾರಿನ ಕೀಲಿ ಕೊಡದ ನಾವು ಹನ್ನೆರಡು ವರ್ಷದ ಬಾಲಕಿಯ ಕೈಗೆ ಆರು ತಿಂಗಳ ಜೀವವನ್ನು ಕೊಟ್ಟು ಹೊರಟುಬಿಡುತ್ತೇವೆ.

ಮಗುವನ್ನು ನೋಡಿಕೊಳ್ಳುವುದೆಂದರೆ ಎತ್ತಿಕೊಳ್ಳುವುದಷ್ಟೇ ಎಂಬ ತಪ್ಪು ತಿಳಿವಳಿಕೆಯೇ ಇದಕ್ಕೆ ಮೂಲ. ನಿಜವಾಗಿ, ಎಳೆಯ ಶಿಶುವಿನ ಪಾಲನೆಯಷ್ಟು ಎಚ್ಚರವನ್ನು ಬೇಡುವ ಕೆಲಸ ಮನೆಯೊಳಗೆ ಇನ್ನೊಂದಿಲ್ಲ. ಶಿಶುವನ್ನು ಬೆನ್ನ ಮೇಲೆ ಮಲಗಿಸಬೇಕು, ಮುಖದ ಬಳಿ ದಿಂಬು, ದಪ್ಪ ಹೊದಿಕೆ ಇರಬಾರದು ಎಂದು ವೈದ್ಯರು ಹೇಳುತ್ತಾರೆ. ಹಿಂಡಿ ತೆಗೆದಿಟ್ಟ ಎದೆಹಾಲು ಸಾಮಾನ್ಯ ಉಷ್ಣತೆಯ ಕೋಣೆಯಲ್ಲಿ ಸುಮಾರು 4 ಗಂಟೆ, ಫ್ರಿಜ್ಜಿನಲ್ಲಿ ಸುಮಾರು 4 ದಿನ ಉಳಿಯುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಹೊರಗಿಟ್ಟ ಹಾಲಿಗೆ ಅಷ್ಟು ಬಾಳಿಕೆಯೂ ಇಲ್ಲ. ಆರು ತಿಂಗಳ ನಂತರ ಮೇಲಾಹಾರ ಆರಂಭವಾದಾಗ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಕ್ಷಣಗಳಲ್ಲಿ ಏನು ಮಾಡಬೇಕೆಂದು ಗೊತ್ತಿರಬೇಕು. ಜ್ವರ ಏರುತ್ತಿದೆಯೇ, ಉಸಿರು ವೇಗವಾಗಿದೆಯೇ, ಮೂತ್ರ ಕಡಿಮೆಯಾಗಿದೆಯೇ ಎಂಬುದನ್ನು ಗುರುತಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಾರಣವೇ ತಿಳಿಯದೆ ಗಂಟೆಗಟ್ಟಲೆ ಅಳುವ ಮಗುವಿನ ಮುಂದೆ ತಾಳ್ಮೆ ಕಳೆದುಕೊಳ್ಳದಿರಬೇಕು. ಸಿಟ್ಟಿನಿಂದ ಜೋರಾಗಿ ಅಲುಗಾಡಿಸಿದರೆ ಶಿಶುವಿನ ಮೆದುಳಿಗೆ ಸರಿಪಡಿಸಲಾಗದ ಹಾನಿಯಾಗಬಲ್ಲುದು, ಪ್ರಾಣವೂ ಹೋಗಬಲ್ಲುದು.

ವಿದ್ಯಾವಂತ ವಯಸ್ಕರೂ ಸೋಲುವ ಈ ಪರೀಕ್ಷೆಗೆ ನಾವು ಒಬ್ಬ ಬಾಲಕಿಯನ್ನು ಕೂರಿಸುತ್ತಿದ್ದೇವೆ. ನಾಳೆ ಮಗು ಕೈಜಾರಿ ಬಿದ್ದರೆ ಅವಳನ್ನೇ ಬೈಯುತ್ತೇವೆ, ಕೆಲವೊಮ್ಮೆ ಹೊಡೆಯುತ್ತೇವೆ. ಬೈಗುಳಕ್ಕೆ ಹೆದರಿದ ಹುಡುಗಿ ಮುಂದಿನ ಬಾರಿ ಮಗು ಬಿದ್ದದ್ದನ್ನು ಹೇಳುವುದೇ ಇಲ್ಲ. ಮಗುವಿಗಂತೂ ಮಾತೇ ಬಾರದು. ಹೀಗೆ ಮಾತು ಬಾರದ ಒಂದು ಮಗುವನ್ನು ಮಾತಾಡಲು ಧೈರ್ಯವಿಲ್ಲದ ಇನ್ನೊಂದು ಮಗುವಿಗೆ ಒಪ್ಪಿಸಿ ನಾವು ನೆಮ್ಮದಿಯಿಂದ ಕಚೇರಿಯಲ್ಲಿ ಕೂರುತ್ತೇವೆ. ಅನ್ಯಾಯ ಒಂದು ಮಗುವಿಗಲ್ಲ, ಎರಡು ಮಕ್ಕಳಿಗೆ.

ಈ ಮಾತನ್ನು ಎತ್ತಿದಾಗಲೆಲ್ಲ ನಮಗೆ ಸಿಗುವ ಉತ್ತರಗಳು ಬಹುತೇಕ ಒಂದೇ ಬಗೆಯವು. ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ‘ಅವಳು ಕೆಲಸದವಳಲ್ಲ, ನಮ್ಮ ಸಂಬಂಧಿಕರ ಹುಡುಗಿ. ಮನೆಯವಳ ಹಾಗೆಯೇ ಇದ್ದಾಳೆ.’ ಮನೆಯವಳೇ ಆಗಿದ್ದರೆ ಮನೆಯ ಇತರ ಮಕ್ಕಳು ಬೆಳಗ್ಗೆ ಶಾಲೆಯ ಬಸ್ಸು ಹತ್ತುವಾಗ ಇವಳೇಕೆ ಬಾಗಿಲಲ್ಲಿ ನಿಂತು ಕೈಬೀಸುತ್ತಾಳೆ? ಕಾನೂನು ಈ ನೆಪವನ್ನು ಮೊದಲೇ ಊಹಿಸಿತ್ತು. ಮನೆಗೆಲಸಕ್ಕೆ ಮಕ್ಕಳನ್ನು ಇಟ್ಟುಕೊಳ್ಳುವುದನ್ನು ಕೇಂದ್ರ ಸರಕಾರ 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಿತು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ನೇಮಿಸುವಂತಿಲ್ಲ. ಮಗು ತನ್ನ ಕುಟುಂಬಕ್ಕೆ ನೆರವಾಗಬಹುದು ಎಂಬ ವಿನಾಯಿತಿ ಇದೆ, ನಿಜ. ಆದರೆ ಅದು ಶಾಲೆಯ ಸಮಯದ ನಂತರ ಮತ್ತು ರಜಾದಿನಗಳಲ್ಲಿ ಮಾತ್ರ. ‘ಕುಟುಂಬ’ ಎಂದರೆ ಯಾರೆಂಬುದನ್ನೂ ಕಾನೂನು ಬಿಡಿಸಿ ಹೇಳಿದೆ. ತಂದೆ, ತಾಯಿ, ಸಹೋದರ, ಸಹೋದರಿ, ತಂದೆಯ ಮತ್ತು ತಾಯಿಯ ಒಡಹುಟ್ಟಿದವರು. ಬೇಕಾದಾಗ ಹುಟ್ಟಿಕೊಳ್ಳುವ ದೂರದ ನಂಟು ಇದರಲ್ಲಿ ಸೇರುವುದಿಲ್ಲ. ಉಲ್ಲಂಘನೆಗೆ 6 ತಿಂಗಳಿನಿಂದ 2 ವರ್ಷದವರೆಗೆ ಸೆರೆವಾಸ ಅಥವಾ 20,000ದಿಂದ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ವಾರಂಟಿಲ್ಲದೆಯೇ ಬಂಧಿಸಬಹುದಾದ ಅಪರಾಧವಿದು.

ಎರಡನೆಯದು, ‘ಸಂಬಳ ಕೈಗೆ ಕೊಟ್ಟರೆ ಖರ್ಚಾಗಿ ಹೋಗುತ್ತದೆ. ಅವಳ ಮದುವೆಗೆಂದು ನಾವೇ ಇಟ್ಟಿದ್ದೇವೆ.’ ಕೇಳಲು ಎಷ್ಟು ಕಾಳಜಿಯ ಮಾತು! ಆದರೆ 2015ರ ಬಾಲನ್ಯಾಯ ಕಾಯ್ದೆಯ 79ನೇ ಸೆಕ್ಷನ್ ಪ್ರಕಾರ, ದುಡಿಸಿಕೊಂಡ ಮಗುವಿನ ಸಂಪಾದನೆಯನ್ನು ತಡೆಹಿಡಿಯುವುದು ಶಿಕ್ಷಾರ್ಹ. ಇಲ್ಲಿ ಮಗುವೆಂದರೆ 18 ತುಂಬದವರೆಲ್ಲರೂ. 5 ವರ್ಷದವರೆಗೆ ಕಠಿಣ ಸೆರೆವಾಸ ಮತ್ತು 1 ಲಕ್ಷ ರೂಪಾಯಿ ದಂಡ. ‘ಹುಡುಗಿಗೆ ಹದಿನೈದಾಗಿದೆ, ಆದ್ದರಿಂದ ತೊಂದರೆಯಿಲ್ಲ’ ಎಂದುಕೊಂಡವರೂ ಇದನ್ನು ಓದಿಕೊಳ್ಳಬೇಕು. ಕಾನೂನು ಬದಿಗಿರಲಿ. ಬೆವರು ಆರುವ ಮೊದಲು ಕೂಲಿ ಸಲ್ಲಬೇಕೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಾವು ಎಷ್ಟು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಲ್ಲ! ಇಂದಿನ ಬೆವರಿಗೆ ಏಳು ವರ್ಷದ ನಂತರದ ಮದುವೆಯನ್ನು ಕೂಲಿಯೆಂದು ತೋರಿಸುವವರು ಆ ಬೋಧನೆಯ ಯಾವ ಪುಟದಲ್ಲಿ ನಿಲ್ಲುತ್ತಾರೆ?

ಮೂರನೆಯದು, ‘ಅವಳ ತಾಯಿಯೇ ಬಂದು ಬೇಡಿಕೊಂಡಳು. ಅಲ್ಲಿ ಹಸಿದಿರುತ್ತಾಳೆ, ಇಲ್ಲಿ ಹೊಟ್ಟೆ ತುಂಬ ಉಣ್ಣುತ್ತಾಳೆ.’ ಹಸಿದವರ ಮಗಳಿಗೆ ಅನ್ನ ಕೊಡುವುದು ದಾನ. ಅನ್ನದ ಬದಲಿಗೆ ಅವಳ ಶಾಲೆಯನ್ನು, ಆಟವನ್ನು, ನಿದ್ದೆಯನ್ನು ಪಡೆದುಕೊಂಡರೆ ಅದು ವ್ಯಾಪಾರ. ಅದೂ ಇನ್ನೊಬ್ಬರ ಅಸಹಾಯಕತೆಯನ್ನು ಬಂಡವಾಳ ಮಾಡಿಕೊಂಡ ವ್ಯಾಪಾರ. ದಾನವೇ ಉದ್ದೇಶವಾಗಿದ್ದರೆ ಆ ತಾಯಿಯ ಮನೆಗೆ ತಿಂಗಳ ರೇಷನ್ ಕಳುಹಿಸಿ ಮಗಳನ್ನು ಶಾಲೆಯಲ್ಲೇ ಉಳಿಸಬಹುದಿತ್ತಲ್ಲವೇ? ಝಕಾತ್‌ನ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲವೇ?

ನಾಲ್ಕನೆಯ ಉತ್ತರ ಓದಿಕೊಂಡವರದು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ‘ಅನಸ್ ಬಿನ್ ಮಾಲಿಕ್(ರ)ರು ಪ್ರವಾದಿ(ಸ)ಯವರ ಸೇವೆಗೆ ಸೇರಿದಾಗ ಅವರಿಗೂ ಸುಮಾರು ಹತ್ತೇ ವರ್ಷವಾಗಿತ್ತಲ್ಲ? ತಾಯಿಯೇ ಕರೆತಂದು ಒಪ್ಪಿಸಿದ್ದರಲ್ಲ?’ ಹೌದು. ತಾಯಿ ಉಮ್ಮು ಸುಲೈಮ್(ರ)ರೇ ಮಗನನ್ನು ಕರೆತಂದಿದ್ದರು. ಹತ್ತು ವರ್ಷ ಅವರು ಆ ಮನೆಯಲ್ಲಿದ್ದರು. ಆದರೆ ಆ ಹತ್ತು ವರ್ಷಗಳಲ್ಲಿ ತಮ್ಮನ್ನು ಒಮ್ಮೆಯೂ ಗದರಿಸಲಿಲ್ಲ, ಮಾಡಿದ್ದನ್ನೇಕೆ ಮಾಡಿದೆ ಎಂದು ಆಕ್ಷೇಪಿಸಲಿಲ್ಲ ಎಂದು ಮುಂದೆ ಸಾಕ್ಷ್ಯ ನುಡಿದವರೂ ಅವರೇ. ಆ ಮನೆಯಿಂದ ಅವರು ಹೊರಬಂದದ್ದು ಜಗತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳನ್ನು ತಲುಪಿಸಿದ ವಿದ್ವಾಂಸರಾಗಿ. ಈ ಉದಾಹರಣೆಯನ್ನು ಮುಂದಿಡುವವರು ದಯವಿಟ್ಟು ಹೇಳಲಿ. ನಿಮ್ಮ ಮನೆಯ ಹುಡುಗಿ ಎರಡು ವರ್ಷದಲ್ಲಿ ಏನನ್ನು ಕಲಿತಳು? ಐದನೇ ತರಗತಿಯಲ್ಲಿ ಓದಲು ಬರುತ್ತಿದ್ದುದು ಈಗಲೂ ಬರುತ್ತದೆಯೇ? ಅವಳನ್ನು ನೀವು ಗದರಿಸದ ಒಂದು ದಿನವಾದರೂ ಇದೆಯೇ?

ಇಷ್ಟು ಹೇಳಿದೊಡನೆ ಇನ್ನೊಂದು ದಿಕ್ಕಿನಿಂದ ಒಂದು ಧ್ವನಿ ಏಳುತ್ತದೆಂದು ನಮಗೆ ಗೊತ್ತು. ‘ಎಲ್ಲದಕ್ಕೂ ಕಾರಣ ಹೆಂಗಸರು ಕೆಲಸಕ್ಕೆ ಹೋಗುವುದು. ತಾಯಿ ಮನೆಯಲ್ಲಿದ್ದರೆ ಈ ಪ್ರಶ್ನೆಯೇ ಇಲ್ಲ.’ ಇದು ಸುಲಭದ ಉತ್ತರ, ಅದಕ್ಕೇ ಇಷ್ಟು ಜನಪ್ರಿಯ. ನಮ್ಮ ಪಟ್ಟಣಗಳಲ್ಲಿ ತಾಯಂದಿರು ಕೆಲಸಕ್ಕೆ ಹೋಗುವುದು ಹೆಚ್ಚಿನಂಶ ಮನೆಯ ಸಾಲ ತೀರಿಸಲು, ತಮ್ಮಂದಿರನ್ನು ಓದಿಸಲು, ಗಲ್ಫ್‌ನಿಂದ ಕೆಲಸ ಕಳೆದುಕೊಂಡು ಮರಳಿದ ಪತಿಯ ಹೆಗಲಿಗೆ ಹೆಗಲಾಗಲು. ಆಸ್ಪತ್ರೆಗೆ ಹೋದಾಗ ನಮ್ಮ ಮಡದಿಗೆ ಮಹಿಳಾ ವೈದ್ಯರು, ಮಹಿಳಾ ನರ್ಸ್ ಬೇಕು. ಶಾಲೆಯಲ್ಲಿ ನಮ್ಮ ಮಗಳಿಗೆ ಅಧ್ಯಾಪಿಕೆ ಬೇಕು. ಆದರೆ ಆ ವೈದ್ಯೆಯ, ನರ್ಸ್‌ನ, ಅಧ್ಯಾಪಿಕೆಯ ಮಗು ಎಲ್ಲಿರಬೇಕು ಎಂದು ನಾವು ಕೇಳುವುದಿಲ್ಲ. ಇನ್ನು ಮನೆಯಲ್ಲೇ ಇರುವ ತಾಯಿಯ ಕೈ ಖಾಲಿಯೇ? ದಕ್ಷಿಣ ಕನ್ನಡದಲ್ಲಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ತಾಯಿಯ ಪಕ್ಕದಲ್ಲೇ ಮಗು ಮಲಗಿರುತ್ತದೆ. ಹೊಗೆಸೊಪ್ಪಿನ ಧೂಳು ಆ ಪುಟ್ಟ ಶ್ವಾಸಕೋಶಕ್ಕೂ ಹೋಗುತ್ತದೆ. ಮನೆಯೊಳಗೇ ದುಡಿಯುವ ಈ ತಾಯಿಗೂ ಶಿಶುಪಾಲನೆಯ ನೆರವು ಬೇಕೇ ಬೇಕು.

ಧರ್ಮದ ಹೆಸರಿನಲ್ಲಿ ಮಾತಾಡುವುದಾದರೆ ಧರ್ಮ ಏನು ಹೇಳಿದೆಯೆಂದು ನೋಡೋಣ. ಮದ್ರಸದಲ್ಲಿ ಸ್ತನ್ಯಪಾನದ ಅಧ್ಯಾಯವನ್ನು ನಾವು ಕಂಠಪಾಠ ಮಾಡಿದವರು. ಎಷ್ಟು ಬಾರಿ ಹಾಲೂಡಿಸಿದರೆ ಯಾರಿಗೆ ಯಾರು ಮದುವೆಗೆ ನಿಷಿದ್ಧರಾಗುತ್ತಾರೆ ಎಂಬ ಪ್ರಶ್ನೆಗೆ ಥಟ್ಟನೆ ಉತ್ತರಿಸುತ್ತಿದ್ದೆವು. ಆದರೆ ಆ ನಿಯಮದ ಹಿಂದಿರುವ ಮನುಷ್ಯರನ್ನು ನಾವು ಕಾಣಲಿಲ್ಲ. ಪವಿತ್ರ ಕುರ್‌ಆನ್‌ನ ಅಲ್ ಬಕರ ಅಧ್ಯಾಯದ 233ನೇ ಸೂಕ್ತವನ್ನು ಬಿಡಿಸಿ ನೋಡಿದರೆ ಅಲ್ಲಿ ನಾಲ್ಕು ಸಂಗತಿಗಳಿವೆ. ಪೂರ್ಣಾವಧಿ ಹಾಲೂಡಿಸುವುದಾದರೆ ಎರಡು ವರ್ಷ. ಆ ಅವಧಿಯಲ್ಲಿ ತಾಯಿಯ ಅನ್ನವಸ್ತ್ರದ ಹೊಣೆ ತಂದೆಯದು. ಹಾಲು ಬಿಡಿಸುವ ನಿರ್ಧಾರ ಇಬ್ಬರ ಒಪ್ಪಿಗೆ ಮತ್ತು ಸಮಾಲೋಚನೆಯಿಂದ ಆಗಬೇಕು. ಬೇರೊಬ್ಬಾಕೆಯಿಂದ ಹಾಲೂಡಿಸುವುದಾದರೆ ತಪ್ಪಿಲ್ಲ, ಆದರೆ ಆಕೆಗೆ ಸಲ್ಲಬೇಕಾದ ಪ್ರತಿಫಲವನ್ನು ನ್ಯಾಯವಾಗಿ ಸಲ್ಲಿಸಬೇಕು. ಹಾಗಾದರೆ ಮಗುವಿನ ಪಾಲನೆಗೆ ತಾಯಿಯಲ್ಲದ ಕೈಯ ನೆರವು ಪಡೆಯುವುದು ಆಧುನಿಕ ಕಾಲದ ಕೇಡು ಎಂಬ ವಾದ ಎಲ್ಲಿ ನಿಲ್ಲುತ್ತದೆ? ಪ್ರವಾದಿ(ಸ)ಯವರೇ ಬನೂ ಸಅದ್ ಗೋತ್ರದ ಹಲೀಮಾರ ಮಡಿಲಲ್ಲಿ ಬೆಳೆದವರು. ಉಮ್ಮು ಐಮನ್(ರ)ರನ್ನು ತಮ್ಮ ತಾಯಿಯ ನಂತರದ ತಾಯಿಯೆಂದು ಗೌರವಿಸಿದವರು. ಹಾಲೂಡಿಸಿದಾಕೆಯನ್ನು ಹೆತ್ತ ತಾಯಿಯ ಸ್ಥಾನದಲ್ಲಿ ನಿಲ್ಲಿಸಿದ ಧರ್ಮವಿದು. ಅದರ ಅನುಯಾಯಿಗಳ ಮನೆಯಲ್ಲಿ ಮಗುವನ್ನು ಸಾಕುವ ಕೈಗೆ ಅಡುಗೆಮನೆಯ ಮೂಲೆಯಲ್ಲಿ ಚಾಪೆ!

ಆ ಸೂಕ್ತದಲ್ಲಿ ತಂದೆ ಮಧ್ಯದಲ್ಲೇ ಇದ್ದಾನೆ ಎಂಬುದನ್ನು ಗಂಡಸರಾದ ನಾವು ಮರೆಯುವಂತಿಲ್ಲ. ಮಗುವನ್ನು ಯಾರು ನೋಡಿಕೊಳ್ಳಬೇಕೆಂಬ ಚರ್ಚೆ ಅತ್ತೆ ಸೊಸೆಯರ ನಡುವೆ ಮುಗಿಯುತ್ತದೆ. ಆಯಾಳ ಸಂಬಳವನ್ನು ಸೊಸೆಯ ಸಂಬಳದಿಂದ ಕಳೆದು, ‘ಇಷ್ಟಕ್ಕಾಗಿ ನೀನು ಹೋಗಬೇಕೇ?’ ಎಂದು ಕೇಳಲಾಗುತ್ತದೆ. ಯಾಕೆ? ಮಗು ತಾಯಿಗೆ ಮಾತ್ರ ಸೇರಿದ್ದೇ? ಆ ಖರ್ಚು ತಂದೆಯ ಲೆಕ್ಕದಲ್ಲಿ ಬರೆಯಬೇಕಾದದ್ದು. ಅಜ್ಜಿಯ ವಿಷಯವೂ ಅಷ್ಟೇ. ಅರುವತ್ತು ದಾಟಿದ, ಮಂಡಿನೋವಿನ, ಸಕ್ಕರೆ ಕಾಯಿಲೆಯ ಅಜ್ಜಿಯನ್ನು ಕೇಳದೆಯೇ ಅವರ ಮಡಿಲಿಗೆ ಮಗುವನ್ನು ಹಾಕಿ ಹೋಗುವವರು ನಮ್ಮಲ್ಲಿ ಕಡಿಮೆಯಿಲ್ಲ. ಪ್ರೀತಿಯಿದೆಯೆಂದ ಮಾತ್ರಕ್ಕೆ ಶಕ್ತಿಯಿದೆಯೆಂದು ಅರ್ಥವಲ್ಲ. ಅಜ್ಜಿ ಒಪ್ಪಿದರೂ ಜೊತೆಗೆ ಗಟ್ಟಿಮುಟ್ಟಾದ ಇನ್ನೊಂದು ಕೈ ಇರಬೇಕು.

ಹಾಗಾದರೆ ಯಾರನ್ನು ಆರಿಸಬೇಕು? ಟೀಕಿಸಿ ಸುಮ್ಮನಾಗುವುದು ಈ ಲೇಖನದ ಉದ್ದೇಶವಲ್ಲವಾದ್ದರಿಂದ ಸ್ಪಷ್ಟವಾಗಿ ಹೇಳುತ್ತೇವೆ.

ಮನೆಗೆ ಆಯಾಳನ್ನು ನೇಮಿಸುವುದಾದರೆ ಆಕೆ ವಯಸ್ಕಳಾಗಿರಬೇಕು. ಸಾಧ್ಯವಿದ್ದರೆ ಮಕ್ಕಳನ್ನು ಸಾಕಿದ ಅನುಭವವಿರಬೇಕು. ಹಿಂದೆ ದುಡಿದ ಮನೆಯವರೊಡನೆ ನೇರವಾಗಿ ಮಾತಾಡಬೇಕು. ತಾಯಿ ಕೆಲಸಕ್ಕೆ ಮರಳುವ ಹಿಂದಿನ ದಿನವಲ್ಲ, ಎರಡು ಮೂರು ವಾರ ಮೊದಲೇ ಆಕೆ ಬಂದು ತಾಯಿಯ ಕಣ್ಣೆದುರಿನಲ್ಲೇ ಮಗುವಿಗೆ ಹೊಂದಿಕೊಳ್ಳಬೇಕು. ಸಂಬಳ, ವಾರದ ರಜೆ, ಕೆಲಸದ ಸಮಯ ಇವನ್ನು ಮೊದಲೇ ಬರೆದುಕೊಳ್ಳಬೇಕು. ಮಗುವನ್ನು ನೋಡಿಕೊಳ್ಳಲು ಬಂದಾಕೆಯಿಂದಲೇ ಪಾತ್ರೆ, ಬಟ್ಟೆ, ಅಡುಗೆ ಮಾಡಿಸಿದರೆ ಆ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು? ಮನೆಗೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಕರ್ನಾಟಕ 2004ರಲ್ಲೇ ಸೇರಿಸಿದೆ. ಅದಕ್ಕಿಂತ ಕಡಿಮೆ ಕೊಟ್ಟು ವಿಶ್ವಾಸವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಶಿಶುಪಾಲನಾ ಕೇಂದ್ರವನ್ನು ಆರಿಸುವುದಾದರೆ ಗೋಡೆಯ ಮೇಲಿನ ಕಾರ್ಟೂನು ಚಿತ್ರಗಳನ್ನು ನೋಡಿ ಮರುಳಾಗಬಾರದು. ಮೊದಲು ಎಣಿಸಬೇಕು. ಎಷ್ಟು ಶಿಶುಗಳು, ಎಷ್ಟು ಕೈಗಳು? 2018ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ ಮೂರು ವರ್ಷದೊಳಗಿನ 10 ಮಕ್ಕಳಿಗೆ ತರಬೇತಿ ಪಡೆದ ಒಬ್ಬ ಕಾರ್ಯಕರ್ತೆ ಮತ್ತು ಸಹಾಯಕಿ ಇರಬೇಕೆನ್ನುತ್ತದೆ. ಎಳೆಯ ಶಿಶುಗಳ ಮಟ್ಟಿಗೆ ಇದೂ ಸಾಲದು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಒಂದು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಬೇಕೆಂದು ಶಿಫಾರಸು ಮಾಡಿದೆ. ಹೆತ್ತವರು ಯಾವ ಹೊತ್ತಿನಲ್ಲಾದರೂ ಹೇಳದೆ ಒಳಗೆ ಬರಬಹುದೇ ಎಂದು ಕೇಳಬೇಕು. ‘ಬೇಡ, ಮಕ್ಕಳಿಗೆ ತೊಂದರೆಯಾಗುತ್ತದೆ’ ಎಂಬ ಉತ್ತರ ಬಂದರೆ ಮಗುವನ್ನು ಎತ್ತಿಕೊಂಡು ಹೊರಬರಬೇಕು. ಮಲಗಿಸುವ ಜಾಗ, ಹಾಲಿನ ಬಾಟಲಿ ಕುದಿಸುವ ಪಾತ್ರೆ, ಕೈತೊಳೆಯುವ ಸಾಬೂನು ಇವನ್ನು ಕಣ್ಣಾರೆ ನೋಡಬೇಕು. ತುರ್ತು ಸಂದರ್ಭದಲ್ಲಿ ಯಾವ ವೈದ್ಯರು, ಯಾವ ವಾಹನ ಎಂದು ಕೇಳಬೇಕು. ಇತರ ಮಕ್ಕಳಿಗೆ ಲಸಿಕೆ ಹಾಕಿಸಿದೆಯೇ ಎಂದು ವಿಚಾರಿಸಬೇಕು, ನಮ್ಮ ಮಗುವಿನ ಲಸಿಕೆ ಚೀಟಿಯನ್ನು ಅವರು ಕೇಳದಿದ್ದರೆ ಅದನ್ನೂ ಒಂದು ಕೊರತೆಯೆಂದೇ ತಿಳಿಯಬೇಕು. ಕ್ಯಾಮರಾ ಇದೆಯೆಂಬುದೊಂದೇ ಸಮಾಧಾನವಾಗಬಾರದು. ಕ್ಯಾಮರಾ ಬಿದ್ದ ಮಗುವನ್ನು ತೋರಿಸೀತು, ಎತ್ತಿಕೊಳ್ಳದು.

ಒಂದು ವಿಷಯದಲ್ಲಂತೂ ರಾಜಿ ಸಲ್ಲದು. ಅಳುವ ಮಗುವನ್ನು ಮಲಗಿಸಲು ಶೀತದ ಸಿರಪ್ ಕುಡಿಸುವ ಕೆಟ್ಟ ಅಭ್ಯಾಸ ಕೆಲವೆಡೆ ಇದೆ. ಶೀತದ ಸಿರಪ್‌ಗಳಲ್ಲಿ ಸಾಮಾನ್ಯವಾಗಿರುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್‌ಗಳ ನಿಗದಿತ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಣ ಇಲಾಖೆ 2023ರ ಡಿಸೆಂಬರ್‌ನಲ್ಲಿ ಎಚ್ಚರಿಸಿತ್ತು. ಮಗುವಿನ ಬಾಯಿಗೆ ಹೋಗುವ ಪ್ರತಿಯೊಂದು ಹನಿ ಔಷಧವೂ ಹೆತ್ತವರಿಗೆ ತಿಳಿದೇ ಹೋಗಬೇಕು. ಸಂಜೆ ಮನೆಗೆ ಬಂದಾಗ ಮಗು ಪ್ರತಿದಿನ ಗಾಢ ನಿದ್ದೆಯಲ್ಲಿದ್ದರೆ ‘ಎಷ್ಟು ಒಳ್ಳೆಯ ಆಯಾ’ ಎಂದು ಸಂತೋಷಪಡುವ ಮೊದಲು ಒಮ್ಮೆ ಯೋಚಿಸಬೇಕು.

ಇದೆಲ್ಲ ಹಣವಿದ್ದವರಿಗಾಯಿತು, ಇಲ್ಲದವರು ಏನು ಮಾಡಬೇಕು? ಇಲ್ಲಿಯೇ ಸರಕಾರವನ್ನು ಪ್ರಶ್ನಿಸಬೇಕಾಗುತ್ತದೆ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು ಮೊದಲ ಎರಡು ಮಕ್ಕಳಿಗೆ 12ರಿಂದ 26 ವಾರಕ್ಕೇರಿಸಿತು. 50 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿ ಬರಲು ಅವಕಾಶವಿರಬೇಕು ಎಂದಿತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಒಳ್ಳೆಯ ಕಾನೂನೇ. ಆದರೆ ನಮ್ಮ ಪಟ್ಟಣಗಳ ಹೆಣ್ಣುಮಕ್ಕಳು ದುಡಿಯುವುದು ಎಲ್ಲಿ? ಹತ್ತಿಪ್ಪತ್ತು ಮಂದಿಯ ಶಾಲೆಯಲ್ಲಿ, ಸಣ್ಣ ನರ್ಸಿಂಗ್ ಹೋಮ್‌ನಲ್ಲಿ, ಬಟ್ಟೆ ಅಂಗಡಿಯಲ್ಲಿ. ಐವತ್ತರ ಲೆಕ್ಕಕ್ಕೆ ಅವರು ಸೇರುವುದೇ ಇಲ್ಲ. 1975ರಲ್ಲಿ ಆರಂಭವಾದ ಐಸಿಡಿಎಸ್‌ನ ಅಂಗನವಾಡಿ ಮಕ್ಕಳನ್ನು ಕೂರಿಸಿ ಕಲಿಸುವುದು ಮೂರು ವರ್ಷದ ನಂತರ, ಅದೂ ದಿನದ ಕೆಲವೇ ಗಂಟೆ. ಕೇಂದ್ರ ಸರಕಾರ ಅಂಗನವಾಡಿಯೊಂದಿಗೇ ಶಿಶುವಿಹಾರ ನಡೆಸುವ ‘ಪಾಲನಾ’ ಯೋಜನೆಯನ್ನು 2022ರಲ್ಲಿ ರೂಪಿಸಿತು. ರಾಜ್ಯ ಸರಕಾರ 2023-24ರ ಬಜೆಟ್‌ನಲ್ಲಿ ನರೇಗಾ ಕಾರ್ಮಿಕ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯತ್‌ಗಳಲ್ಲಿ ‘ಕೂಸಿನ ಮನೆ’ ಘೋಷಿಸಿತು. ಗ್ರಾಮಗಳಿಗೆ ಆದದ್ದು ಪಟ್ಟಣದ ವಾರ್ಡುಗಳಿಗೆ ಏಕೆ ಆಗಬಾರದು? ಚುನಾವಣೆಗೆ ಮತ ಕೇಳಲು ಮೊಹಲ್ಲಾಕ್ಕೆ ಬರುವ ಅಭ್ಯರ್ಥಿಯ ಬಳಿ ನಾವು ರಸ್ತೆ, ಚರಂಡಿ, ಖಬರಸ್ತಾನದ ಆವರಣ ಗೋಡೆ ಕೇಳಿದ್ದೇವೆ. ಸತ್ತವರಿಗೆ ಗೋಡೆ ಕೇಳಿದ ನಾವು ಹುಟ್ಟಿದವರಿಗೆ ತೊಟ್ಟಿಲನ್ನು ಏಕೆ ಕೇಳಲಿಲ್ಲ?

ಸರಕಾರದಷ್ಟೇ ಹೊಣೆ ಜಮಾಅತ್‌ಗಳದ್ದೂ ಹೌದು. ನಮ್ಮ ಮದ್ರಸ ಕಟ್ಟಡಗಳು ಬೆಳಗಿನ ಮತ್ತು ಸಂಜೆಯ ತರಗತಿಗಳ ನಡುವೆ ದಿನವಿಡೀ ಬಾಗಿಲು ಮುಚ್ಚಿರುತ್ತವೆ. ಶಾದಿ ಮಹಲ್‌ಗಳು ಮದುವೆಯಿಲ್ಲದ ದಿನಗಳಲ್ಲಿ ಖಾಲಿ ಬಿದ್ದಿರುತ್ತವೆ. ಅವುಗಳ ಒಂದು ಗಾಳಿಬೆಳಕಿನ ಕೋಣೆ, ಶುಚಿಯಾದ ನೀರು, ತರಬೇತಿ ಪಡೆದ ಮೊಹಲ್ಲಾದ ಇಬ್ಬರು ಮೂವರು ಮಹಿಳೆಯರು, ಅವರಿಗೆ ಸರಿಯಾದ ವೇತನ ಇವಿಷ್ಟಿದ್ದರೆ ಒಂದು ಶಿಶುವಿಹಾರ ನಡೆದೀತು. ಅದರಲ್ಲಿ ವಿಧವೆಗೆ ಉದ್ಯೋಗವಿದೆ, ದುಡಿಯುವ ತಾಯಿಗೆ ನೆಮ್ಮದಿಯಿದೆ. ನೆರೆಯ ಹಿಂದೂ, ಕ್ರೈಸ್ತ ತಾಯಂದಿರ ಮಕ್ಕಳೂ ಅಲ್ಲಿಗೆ ಬರಲಿ. ಒಂದೇ ಕೋಣೆಯಲ್ಲಿ ತೆವಳಿ ಬೆಳೆದ ಮಕ್ಕಳನ್ನು ಮುಂದೆ ಬೇರ್ಪಡಿಸುವುದು ಸುಲಭವಲ್ಲ. ಇದು ಆಗದ ಕೆಲಸವಲ್ಲ. 1969ರಲ್ಲಿ ದಿಲ್ಲಿಯಲ್ಲಿ ಗಾಂಧೀಜಿಯ ಜನ್ಮಶತಾಬ್ದಿಗಾಗಿ ಕಟ್ಟಡ ಕಾಮಗಾರಿ ನಡೆಯುತ್ತಿದ್ದಾಗ ಕೂಲಿ ಮಹಿಳೆಯರ ಮಕ್ಕಳು ಧೂಳಿನಲ್ಲಿ ಬಿದ್ದಿರುವುದನ್ನು ಮೀರಾ ಮಹಾದೇವನ್ ಎಂಬ ಮಹಿಳೆ ಕಂಡರು. ಅಲ್ಲಿ ಆರಂಭವಾದ ‘ಮೊಬೈಲ್ ಕ್ರೆಷಸ್’ ಸಂಸ್ಥೆ ಇಂದಿಗೂ ಕೆಲಸ ಮಾಡುತ್ತಿದೆ. ಒಬ್ಬರು ಕಂಡರು, ಕಂಡ ಮೇಲೆ ಸುಮ್ಮನಾಗಲಿಲ್ಲ, ಅಷ್ಟೇ.

ಕೊನೆಯದಾಗಿ ಆ ಹುಡುಗಿಯ ವಿಷಯ. ಈ ಲೇಖನ ಓದಿ ಯಾರಾದರೂ ಹೆದರಿ, ಮನೆಯಲ್ಲಿರುವ ಹುಡುಗಿಯನ್ನು ನಾಳೆ ಬೆಳಗ್ಗೆ ಬಸ್ಸು ಹತ್ತಿಸಿ ಕೈತೊಳೆದುಕೊಂಡರೆ ಅದು ಇನ್ನೊಂದು ಅನ್ಯಾಯ. ಆಕೆ ದುಡಿದ ಅಷ್ಟೂ ತಿಂಗಳ ಸಂಬಳವನ್ನು ಲೆಕ್ಕ ಹಾಕಿ ಆಕೆಯ ಹೆಸರಿನಲ್ಲೇ ಸಲ್ಲಿಸಬೇಕು. ಮನೆಗೆ ಮರಳಿಸಿ ಶಾಲೆಗೆ ಸೇರಿಸುವವರೆಗೆ ಜೊತೆಗಿರಬೇಕು. ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆಂದೇ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ, ಆರನೇ ತರಗತಿಯಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ದಾರಿ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ, ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಕಲ್ಯಾಣ ಸಮಿತಿ ಇದೆ.

ಮೊನ್ನೆ ನಾವು ಆ ಮನೆಗೆ ಮತ್ತೆ ಹೋದೆವು. ಔತಣದ ದಿನ ಹೇಳಬೇಕಾಗಿದ್ದುದನ್ನು ತಡವಾಗಿಯಾದರೂ ಯಜಮಾನರ ಮುಂದೆ ಕೂತು ಹೇಳಿದೆವು. ಅವರಿಗೆ ಸಿಟ್ಟು ಬಂತು. ‘ನೀವೂ ಅಂದು ತಲೆಯಾಡಿಸಿದ್ದಿರಲ್ಲ ಉಸ್ತಾದ್?’ ಎಂದರು. ಅವರ ಮಾತು ನಿಜವಾಗಿತ್ತು. ತಪ್ಪಾಯಿತೆಂದು ಒಪ್ಪಿಕೊಂಡೆವು. ಬಹಳ ಹೊತ್ತಿನ ನಂತರ ಅವರು, ‘ಶಾಲೆಗೆ ಸೇರಿಸಲು ಏನೇನು ಕಾಗದ ಬೇಕು?’ ಎಂದು ಕೇಳಿದರು. ನಾವು ಜನನ ಪ್ರಮಾಣಪತ್ರ, ಹಿಂದಿನ ಶಾಲೆಯ ವರ್ಗಾವಣೆ ಪತ್ರ ಎಂದು ಬರೆದುಕೊಟ್ಟೆವು. ಪತ್ರವಿಲ್ಲದಿದ್ದರೂ ಶಿಕ್ಷಣ ಹಕ್ಕು ಕಾಯ್ದೆಯಡಿ ಪ್ರವೇಶ ನಿರಾಕರಿಸುವಂತಿಲ್ಲ ಎಂಬುದನ್ನೂ ತಿಳಿಸಿದೆವು. ಒಳಗೆ ಮಗು ಅಳುತ್ತಿತ್ತು. ಅದನ್ನು ಸಮಾಧಾನಪಡಿಸುವ ಹುಡುಗಿಯ ಧ್ವನಿ ಕೇಳುತ್ತಿತ್ತು. ಶಾಲೆಯ ಬಾಗಿಲು ತೆರೆಯಲು ಇನ್ನು ಕೆಲವೇ ದಿನಗಳಿವೆ. ಓದುಗರ ಮನೆಯಲ್ಲೂ, ನೆರೆಮನೆಯಲ್ಲೂ ಅಂಥದೊಂದು ಧ್ವನಿ ಕೇಳುತ್ತಿದೆಯೇ ಎಂದು ಒಮ್ಮೆ ಕಿವಿಗೊಡಲಿ.